ಹ್ಯಾಮ್ ಉಪಗ್ರಹದ ಮೂಲಕ ಮೊದಲ ಸಂಪರ್ಕ: ಎಡವುವ ಜಾಗಗಳು, ದಾಟುವ ದಾರಿ

ಒಂದು ಕೈಯಲ್ಲಿ ಐದು ವ್ಯಾಟ್‌ನ ಪುಟ್ಟ ರೇಡಿಯೋ, ಇನ್ನೊಂದು ಕೈಯಲ್ಲಿ ಒಂದೇ ದಿಕ್ಕಿಗೆ ಗುರಿಯಿಡುವ ಯಾಗಿ ಆಂಟೆನಾ, ತಲೆಯ ಮೇಲೆ ಸೆಕೆಂಡಿಗೆ ಸುಮಾರು ಏಳೂವರೆ ಕಿಲೋಮೀಟರ್ ವೇಗದಲ್ಲಿ ಓಡುವ ಉಪಗ್ರಹ. ಹ್ಯಾಮ್ (ಹವ್ಯಾಸಿ ರೇಡಿಯೋ) ಲೈಸೆನ್ಸ್ ಪಡೆದ ಹೊಸತರಲ್ಲಿ ಈ ಚಿತ್ರಕ್ಕೆ ಮನಸೋಲದವರು ಕಡಿಮೆ. ಆದರೆ ನಾಲ್ಕಾರು ಬಾರಿ ಪ್ರಯತ್ನಿಸಿ, ಬರಿಯ ಸದ್ದುಗದ್ದಲವಲ್ಲದೆ ಬೇರೇನೂ ಕೇಳಿಸದೆ ಕೈಬಿಡುವವರೂ ಬಹಳ. ಇದು ನನಗೆ ನಿಜಕ್ಕೂ ನೋವು ಕೊಡುವ ಸಂಗತಿ. ಅವರಲ್ಲಿ ಹೆಚ್ಚಿನವರ ಬಳಿ ಬೇಕಾದ ಸಲಕರಣೆ ಇತ್ತು, ತಾಳ್ಮೆಯೂ ಇತ್ತು. ಕೇಳುವುದನ್ನು ಕಲಿಯುವ ಮೊದಲೇ ಮಾತನಾಡಲು ಹೊರಟದ್ದೇ ತೊಡಕಾಯಿತು. ಆದ್ದರಿಂದ ಕೆಳಗಿನ ಹಂತಗಳಲ್ಲಿ ಮೊದಲ ಐದರವರೆಗೆ ಪಿಟಿಟಿ ಗುಂಡಿಯನ್ನು (ಒತ್ತಿ ಹಿಡಿದು ಮಾತನಾಡುವ ಗುಂಡಿ) ಮುಟ್ಟುವ ಕೆಲಸವೇ ಇಲ್ಲ.

ಹಂತ 1: ಒಂದೇ ಉಪಗ್ರಹವನ್ನು ಆರಿಸಿಕೊಳ್ಳಿ

ಹವ್ಯಾಸಿಗಳ ಮೊದಲ ಉಪಗ್ರಹ ಆಸ್ಕರ್-1 ಕಕ್ಷೆಗೆ ಏರಿದ್ದು 1961ರ ಡಿಸೆಂಬರ್ 12ರಂದು. ಮೋರ್ಸ್‌ನಲ್ಲಿ 'ಹಾಯ್' ಎಂದು ಬಡಿಯುವುದಷ್ಟೇ ಅದರ ಕೆಲಸವಾಗಿತ್ತು. ಆಮೇಲೆ ಹತ್ತಾರು ಉಪಗ್ರಹಗಳು ಬಂದಿವೆ, ಹೋಗಿವೆ. ಹೊಸಬರು ಪಟ್ಟಿ ನೋಡಿ ಎಲ್ಲವನ್ನೂ ಒಮ್ಮೆಲೇ ಹಿಡಿಯಲು ಹೋಗುತ್ತಾರೆ. ಹಾಗೆ ಮಾಡಬೇಡಿ.

ಎರಡು ಬಗೆಗಳನ್ನು ಮನಸ್ಸಿನಲ್ಲಿಟ್ಟುಕೊಂಡರೆ ಸಾಕು. ಎಫ್‌ಎಂ ಉಪಗ್ರಹ ಎಂದರೆ ಆಕಾಶದಲ್ಲಿ ತೂಗುಬಿಟ್ಟ ರಿಪೀಟರ್ ಇದ್ದಂತೆ: ಒಂದು ಆವರ್ತನದಲ್ಲಿ ಕೇಳಿದ್ದನ್ನು ಇನ್ನೊಂದರಲ್ಲಿ ಹೇಳುತ್ತದೆ, ಒಮ್ಮೆಗೆ ಒಬ್ಬರಿಗೆ ಮಾತ್ರ ಜಾಗ. ಲೀನಿಯರ್ ಟ್ರಾನ್ಸ್‌ಪಾಂಡರ್ ಇರುವ ಉಪಗ್ರಹವು ಹತ್ತಾರು ಕಿಲೋಹರ್ಟ್ಸ್ ಅಗಲದ ಪಟ್ಟಿಯನ್ನೇ ಎತ್ತಿ ಕೆಳಗೆ ಕಳಿಸುತ್ತದೆ. ಅದರಲ್ಲಿ ಹಲವರು ಎಸ್‌ಎಸ್‌ಬಿ (ಕಡಿಮೆ ಅಗಲದಲ್ಲಿ ಧ್ವನಿ ಕಳಿಸುವ ವಿಧಾನ) ಅಥವಾ ಮೋರ್ಸ್‌ನಲ್ಲಿ ಏಕಕಾಲಕ್ಕೆ ಮಾತನಾಡಬಹುದು. ಮೊದಲ ಸಂಪರ್ಕಕ್ಕೆ ಎಫ್‌ಎಂ ಸಾಕು.

ನಾನು ಇಲ್ಲಿ ಮಾದರಿಯಾಗಿ ತೆಗೆದುಕೊಳ್ಳುವುದು ಎಸ್‌ಒ-50. 2002ರ ಡಿಸೆಂಬರ್‌ನಲ್ಲಿ ಉಡಾವಣೆಯಾದ ಈ ಪುಟ್ಟ ಉಪಗ್ರಹದ ಟ್ರಾನ್ಸ್‌ಮಿಟರ್ ಕೇವಲ ಕಾಲು ವ್ಯಾಟ್‌ನದು. ಅಪ್‌ಲಿಂಕ್ (ನಾವು ಮೇಲಕ್ಕೆ ಕಳಿಸುವ ಆವರ್ತನ) 145.850 ಮೆಗಾಹರ್ಟ್ಸ್, ಜೊತೆಗೆ ರಿಪೀಟರನ್ನು ತೆರೆಯಲು ಮಾತಿನೊಂದಿಗೆ ಹೋಗುವ 67.0 ಹರ್ಟ್ಸ್ ಟೋನ್, ಡೌನ್‌ಲಿಂಕ್ (ಉಪಗ್ರಹ ಕೆಳಕ್ಕೆ ಕಳಿಸುವ ಆವರ್ತನ) 436.795 ಮೆಗಾಹರ್ಟ್ಸ್. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ರಿಪೀಟರ್ ಇದಕ್ಕಿಂತ ಗಟ್ಟಿಯಾಗಿ ಕೇಳಿಸುತ್ತದೆ: 145.990ರಲ್ಲಿ ಮೇಲಕ್ಕೆ (ಟೋನ್ ಅದೇ 67.0), 437.800ರಲ್ಲಿ ಕೆಳಕ್ಕೆ. ಆದರೆ ನಿಲ್ದಾಣದ ರೇಡಿಯೋವನ್ನು ಆಗಾಗ ಬೇರೆ ಕೆಲಸಗಳಿಗೆ ಬದಲಿಸುತ್ತಾರೆ, ಕೆಲವೊಮ್ಮೆ ಪೂರ್ತಿ ಆರಿಸುತ್ತಾರೆ. ಯಾವುದೇ ಉಪಗ್ರಹವಾಗಲಿ, ಹೊರಡುವ ಮೊದಲು ಆಮ್‌ಸ್ಯಾಟ್ ಸಂಸ್ಥೆಯ ಸ್ಥಿತಿ ಪಟ್ಟಿಯಲ್ಲಿ ಕಳೆದ ಒಂದೆರಡು ದಿನಗಳಲ್ಲಿ ಯಾರಾದರೂ ಅದನ್ನು ಕೇಳಿದ್ದಾರೆಯೇ ಎಂದು ನೋಡಿ. ಸತ್ತ ಉಪಗ್ರಹದತ್ತ ಆಂಟೆನಾ ಹಿಡಿದು ನಿಂತು ತಮ್ಮ ರೇಡಿಯೋವನ್ನೇ ಸಂಶಯಿಸಿದವರನ್ನು ನಾನು ಕಂಡಿದ್ದೇನೆ.

ಹಂತ 2: ಯಾವಾಗ, ಎಲ್ಲಿಂದ ಎಲ್ಲಿಗೆ

ಉಪಗ್ರಹ ನಿಮ್ಮ ದಿಗಂತದ ಮೇಲೆ ಏರಿ ಇಳಿಯುವ ಒಂದು ಅವಧಿಗೆ ಪಾಸ್ ಎನ್ನುತ್ತೇವೆ. ಎಸ್‌ಒ-50ರ ಒಳ್ಳೆಯ ಪಾಸ್ ಎಂದರೆ ಹತ್ತು ನಿಮಿಷದ ಆಸುಪಾಸು. ಜಿಪ್ರೆಡಿಕ್ಟ್, ಸ್ಯಾಟ್‌ಪಿಸಿ32, ಮೊಬೈಲ್‌ನಲ್ಲಾದರೆ ಲುಕ್‌ಫೋರ್‌ಸ್ಯಾಟ್‌ನಂಥ ತಂತ್ರಾಂಶಗಳು ಈ ಪಾಸ್‌ಗಳನ್ನು ಲೆಕ್ಕ ಹಾಕಿ ಕೊಡುತ್ತವೆ. ಲೆಕ್ಕಕ್ಕೆ ಆಧಾರ ಕೆಪ್ಲರ್ ದತ್ತಾಂಶ, ಅಂದರೆ ಉಪಗ್ರಹದ ಕಕ್ಷೆಯನ್ನು ವಿವರಿಸುವ ಅಂಕಿಗಳು. ಅದನ್ನು ವಾರಕ್ಕೊಮ್ಮೆ ಹೊಸದಾಗಿ ಇಳಿಸಿಕೊಳ್ಳಿ. ಬಾಹ್ಯಾಕಾಶ ನಿಲ್ದಾಣವಾದರೆ ಇನ್ನೂ ಬೇಗ, ಏಕೆಂದರೆ ಅದರ ಕಕ್ಷೆಯನ್ನು ಆಗಾಗ ಎತ್ತರಿಸುತ್ತಿರುತ್ತಾರೆ.

ಇಲ್ಲಿ ಹೊಸಬರು ಮಾಡುವ ತಪ್ಪುಗಳು ಸರಳ, ಆದರೆ ದುಬಾರಿ. ಯುಟಿಸಿ (ಜಾಗತಿಕ ಪ್ರಮಾಣ) ಸಮಯವನ್ನು ಸ್ಥಳೀಯ ಸಮಯವೆಂದು ಓದುವುದು. ತಂತ್ರಾಂಶದಲ್ಲಿ ತಮ್ಮ ಸ್ಥಳವನ್ನು ತುಂಬದೆ, ಮೊದಲೇ ಇದ್ದ ಯಾವುದೋ ಊರಿನ ಲೆಕ್ಕವನ್ನು ನಂಬುವುದು. ಕಬ್ಬಿಣದ ಕಂಬಿಯ ಪಕ್ಕ ನಿಂತು ಮೊಬೈಲ್‌ನ ದಿಕ್ಸೂಚಿ ತೋರಿದ್ದೇ ಉತ್ತರ ಎಂದುಕೊಳ್ಳುವುದು. ಹಗಲಿನಲ್ಲೇ ಒಮ್ಮೆ ಜಾಗಕ್ಕೆ ಹೋಗಿ, ಉತ್ತರಕ್ಕೆ ಯಾವ ಮರ, ಪೂರ್ವಕ್ಕೆ ಯಾವ ಕಟ್ಟಡ ಎಂದು ಗುರುತಿಟ್ಟುಕೊಂಡರೆ ಈ ಕೊನೆಯ ತಾಪತ್ರಯ ಶಾಶ್ವತವಾಗಿ ತಪ್ಪುತ್ತದೆ.

ಕಲಿಯುವಾಗ 30ರಿಂದ 60 ಡಿಗ್ರಿ ಎತ್ತರಕ್ಕೆ ಏರುವ ಪಾಸ್‌ಗಳನ್ನು ಆರಿಸಿ. ಹತ್ತು ಹದಿನೈದು ಡಿಗ್ರಿಯವು ಮರ, ಗೋಡೆಗಳ ಹಿಂದೆ ಕಳೆದುಹೋಗುತ್ತವೆ. ನೆತ್ತಿಯ ಮೇಲೆ ಹಾಯುವುದೇ ಎಲ್ಲಕ್ಕಿಂತ ಸುಲಭ ಎಂಬ ಭಾವನೆ ಇದೆ, ಅದು ಸರಿಯಲ್ಲ. ಅಂಥ ಪಾಸ್‌ನ ನಡುವಿನ ಒಂದೆರಡು ನಿಮಿಷಗಳಲ್ಲಿ ದಿಕ್ಕೂ ಆವರ್ತನವೂ ಒಟ್ಟಿಗೆ ಸರ್ರನೆ ಬದಲಾಗುತ್ತವೆ. ಪಳಗದ ಕೈಗೆ ಅದು ಕಷ್ಟ.

ಹಂತ 3: ಆಂಟೆನಾ

ರೇಡಿಯೋದ ಜೊತೆ ಬರುವ ರಬ್ಬರ್ ಆಂಟೆನಾದಿಂದ ಕೆಲಸ ನಡೆಸಬಹುದೇ ಎಂದು ಎಲ್ಲರೂ ಕೇಳುತ್ತಾರೆ. ಬಾಹ್ಯಾಕಾಶ ನಿಲ್ದಾಣವು ಎತ್ತರಕ್ಕೆ ಬಂದಾಗ ಅದರಲ್ಲೂ ಕೇಳಿಸುವುದುಂಟು. ಎಸ್‌ಒ-50ಕ್ಕೆ ಅದನ್ನು ನೆಚ್ಚಬೇಡಿ. ಸುಮಾರು 600 ಕಿಲೋಮೀಟರ್ ಎತ್ತರದ ಉಪಗ್ರಹವು ದಿಗಂತದಲ್ಲಿರುವಾಗ ನಿಮ್ಮಿಂದ 2,800 ಕಿಲೋಮೀಟರ್‌ನಷ್ಟು ದೂರದಲ್ಲಿರುತ್ತದೆ. ನೆತ್ತಿಯ ಮೇಲಿದ್ದಾಗಿನ ಶಕ್ತಿಗೆ ಹೋಲಿಸಿದರೆ ಆಗ ನಿಮಗೆ ಸಿಗುವುದು ಇಪ್ಪತ್ತರಲ್ಲಿ ಒಂದು ಪಾಲು. ಆ ಕೊರತೆಯನ್ನು ತುಂಬುವುದು ಯಾಗಿ. ಎರಡು ಮೀಟರ್ ಬ್ಯಾಂಡಿಗೆ (145 ಮೆಗಾಹರ್ಟ್ಸ್ ಆಸುಪಾಸು) ಮೂರು ಕಡ್ಡಿ, 70 ಸೆಂಟಿಮೀಟರ್ ಬ್ಯಾಂಡಿಗೆ (435 ಮೆಗಾಹರ್ಟ್ಸ್ ಆಸುಪಾಸು) ಐದರಿಂದ ಏಳು ಕಡ್ಡಿ ಇರುವ, ಕೈಯಲ್ಲಿ ಹಿಡಿಯುವಂಥದ್ದು ಸಾಕು. ಅಳತೆಪಟ್ಟಿಯ ಉಕ್ಕಿನ ತುಂಡುಗಳನ್ನು ಪಿವಿಸಿ ಕೊಳವೆಗೆ ಕಟ್ಟಿ ಮಾಡಿದ್ದೂ ಸೊಗಸಾಗಿ ನಡೆಯುತ್ತದೆ. ಕೇಬಲ್ ಚಿಕ್ಕದಿರಲಿ: 70 ಸೆಂಟಿಮೀಟರ್ ಬ್ಯಾಂಡಿನಲ್ಲಿ ತೆಳ್ಳನೆಯ ಉದ್ದ ಕೇಬಲ್ ಸಂಕೇತವನ್ನು ದಾರಿಯಲ್ಲೇ ನುಂಗುತ್ತದೆ.

ಈಗ ಯಾವ ಪುಸ್ತಕದಿಂದಲೂ ಪೂರ್ತಿ ಕಲಿಯಲಾಗದ, ಕೈಗೇ ಬರಬೇಕಾದ ಒಂದು ವಿಷಯ. ಉಪಗ್ರಹ ಉರುಳುತ್ತಾ ಸಾಗುತ್ತದೆ, ಅದರ ಆಂಟೆನಾದ ಧ್ರುವೀಕರಣ (ರೇಡಿಯೋ ಅಲೆ ಕಂಪಿಸುವ ದಿಕ್ಕು) ನಿಮ್ಮದಕ್ಕೆ ಒಮ್ಮೆ ಹೊಂದುತ್ತದೆ, ಇನ್ನೊಮ್ಮೆ ಅಡ್ಡ ನಿಲ್ಲುತ್ತದೆ. ಸರಿಯಾದ ದಿಕ್ಕಿಗೇ ಹಿಡಿದಿದ್ದರೂ ಧ್ವನಿ ಇದ್ದಕ್ಕಿದ್ದಂತೆ ಮುಳುಗುತ್ತದೆ. ಆಗ ಹೊಸಬರು ಗಾಬರಿಯಾಗಿ ಆಂಟೆನಾವನ್ನು ಅತ್ತಿತ್ತ ಬೀಸುತ್ತಾರೆ, ಇದ್ದ ದಿಕ್ಕನ್ನೂ ಕಳೆದುಕೊಳ್ಳುತ್ತಾರೆ. ದಿಕ್ಕನ್ನು ಕದಲಿಸಬೇಡಿ. ಬೀಗದಲ್ಲಿ ಕೀಲಿ ತಿರುಗಿಸುವಂತೆ ಮಣಿಕಟ್ಟನ್ನಷ್ಟೇ ನಿಧಾನವಾಗಿ ತಿರುಗಿಸಿ. ಕಾಲು ಸುತ್ತು ತಿರುಗುವಷ್ಟರಲ್ಲಿ ಸದ್ದಿನೊಳಗಿಂದ ಧ್ವನಿ ಮೇಲೆದ್ದು ಬರುತ್ತದೆ. ಮೊದಲ ಬಾರಿ ಹೀಗಾದಾಗ ನಾನು ಉಸಿರು ಬಿಗಿಹಿಡಿದು ನಿಂತಿದ್ದೆ. ಕಾಣದ ಒಂದು ವಸ್ತು ಆ ಎತ್ತರದಲ್ಲಿ ಹೇಗೆ ಓರೆಯಾಗಿದೆ ಎಂಬುದು ನನ್ನ ಮಣಿಕಟ್ಟಿಗೆ ತಿಳಿಯುತ್ತಿತ್ತು.

ಹಂತ 4: ರೇಡಿಯೋದ ಸಿದ್ಧತೆ

ಅತಿ ಹೆಚ್ಚು ಪಾಸ್‌ಗಳನ್ನು ಹಾಳುಗೆಡಹುವುದು ಸ್ಕ್ವೆಲ್ಚ್, ಅಂದರೆ ಸಂಕೇತವಿಲ್ಲದಾಗ ಗದ್ದಲವನ್ನು ಮುಚ್ಚಿಡುವ ವ್ಯವಸ್ಥೆ. ಅದನ್ನು ಪೂರ್ತಿ ತೆರೆದಿಡಿ, ಸೊನ್ನೆಗೆ ತನ್ನಿ. ಕ್ಷೀಣ ಸಂಕೇತ ಸ್ಕ್ವೆಲ್ಚನ್ನು ತೆರೆಯುವಷ್ಟು ಬಲವಾಗುವವರೆಗೆ ಕಾದರೆ ಅರ್ಧ ಪಾಸ್ ಮುಗಿದಿರುತ್ತದೆ. ಹತ್ತು ನಿಮಿಷ ಗದ್ದಲ ಕೇಳುವುದು ಕಿರಿಕಿರಿಯೇ ಸರಿ. ಆದರೆ ಆ ಗದ್ದಲವೇ ನಿಮ್ಮ ಮಾಪಕ. ಉಪಗ್ರಹ ಬರುತ್ತಿದ್ದಂತೆ ಮಾತು ಕೇಳಿಸುವುದಕ್ಕೂ ಮೊದಲು ಗದ್ದಲ ತುಸು ತಗ್ಗುತ್ತದೆ, ಜೋರು ಮಳೆ ಒಮ್ಮೆಲೇ ತುಂತುರಾದ ಹಾಗೆ. ಆ ಇಳಿತವನ್ನು ಗುರುತಿಸಲು ಕಲಿತವರು ಉಪಗ್ರಹವನ್ನು ಕಿವಿಯಿಂದಲೇ ಹಿಂಬಾಲಿಸಬಲ್ಲರು.

ಕೈ ರೇಡಿಯೋಗಳಲ್ಲಿ ಬ್ಯಾಟರಿ ಉಳಿಸುವ ಸೌಲಭ್ಯವಿರುತ್ತದೆ. ಅದು ರಿಸೀವರನ್ನು ಕ್ಷಣಕ್ಷಣಕ್ಕೂ ಮಲಗಿಸಿ ಎಬ್ಬಿಸುತ್ತದೆ, ಅದನ್ನು ನಿಲ್ಲಿಸಿ. ಎರಡು ಚಾನೆಲ್‌ಗಳನ್ನು ಸರದಿಯಲ್ಲಿ ಕೇಳುವ ವ್ಯವಸ್ಥೆಯನ್ನೂ ನಿಲ್ಲಿಸಿ. ಎಫ್‌ಎಂ ಅಗಲವನ್ನು 'ವೈಡ್'ಗೆ ಇಡಿ. ಮಾತು ಮುಗಿದಾಗ ಕೂಗುವ ಬೀಪ್ ಬೇಡವೇ ಬೇಡ. ಆವರ್ತನದ ಹೆಜ್ಜೆಯನ್ನು 5 ಕಿಲೋಹರ್ಟ್ಸ್‌ಗೆ ಬದಲಿಸಿ, ಇಲ್ಲದಿದ್ದರೆ ಮುಂದೆ ಹೇಳುವ ಚಾನೆಲ್‌ಗಳನ್ನು ರೇಡಿಯೋ ತೆಗೆದುಕೊಳ್ಳುವುದೇ ಇಲ್ಲ.

ಉಪಗ್ರಹ ಹತ್ತಿರ ಬರುವಾಗ ಅದರ ಆವರ್ತನ ಏರಿದಂತೆ, ದೂರ ಹೋಗುವಾಗ ಇಳಿದಂತೆ ಕೇಳಿಸುತ್ತದೆ. ಇದೇ ಡಾಪ್ಲರ್ ಪರಿಣಾಮ. 70 ಸೆಂಟಿಮೀಟರ್ ಬ್ಯಾಂಡಿನಲ್ಲಿ ಇದು ಆಚೀಚೆ ಸುಮಾರು ಹತ್ತು ಕಿಲೋಹರ್ಟ್ಸ್, ಎರಡು ಮೀಟರ್‌ನಲ್ಲಿ ಮೂರು ಕಿಲೋಹರ್ಟ್ಸ್ ಚಿಲ್ಲರೆ. ಮೂರನ್ನು ಎಫ್‌ಎಂ ರಿಸೀವರ್ ಸಹಿಸಿಕೊಳ್ಳುತ್ತದೆ, ಹತ್ತನ್ನು ಸಹಿಸದು. ಹಾಗಾಗಿ ಅಪ್‌ಲಿಂಕ್ ಇದ್ದಲ್ಲೇ ಇರಲಿ, ಡೌನ್‌ಲಿಂಕನ್ನು ಮಾತ್ರ ಮೇಲಿನಿಂದ ಕೆಳಕ್ಕೆ ಇಳಿಸುತ್ತಾ ಹೋಗಬೇಕು. ಎಸ್‌ಒ-50ಕ್ಕೆ ಈ ಐದು ಚಾನೆಲ್‌ಗಳನ್ನು ಸಾಲಾಗಿ ಮೆಮೊರಿಯಲ್ಲಿ ತುಂಬಿಕೊಳ್ಳಿ. ಐದರಲ್ಲೂ ಟ್ರಾನ್ಸ್‌ಮಿಟ್ 145.850, ಟೋನ್ 67.0:

ಉದಯದಲ್ಲಿ 436.805
ಏರುವಾಗ 436.800
ನಡುವೆ 436.795
ಇಳಿಯುವಾಗ 436.790
ಅಸ್ತದಲ್ಲಿ 436.785

ಆರನೆಯದಾಗಿ ಇನ್ನೊಂದು ಚಾನೆಲ್ ಬೇಕು: ಅದೇ 145.850, ಆದರೆ ಟೋನ್ 74.4 ಹರ್ಟ್ಸ್. ಎಸ್‌ಒ-50ರಲ್ಲಿ ಹತ್ತು ನಿಮಿಷದ ಟೈಮರ್ ಇದೆ. ಅದನ್ನು ಎಬ್ಬಿಸಲು ಒಂದೆರಡು ಸೆಕೆಂಡು ಈ ಟೋನ್ ಕಳಿಸಬೇಕು. ಈಗಾಗಲೇ ಜನ ಮಾತನಾಡುತ್ತಿದ್ದರೆ ಟೈಮರ್ ಎದ್ದಿದೆ ಎಂದೇ ಅರ್ಥ, ಆಗ ಈ ಗುಂಡಿಯ ಗೊಡವೆಗೆ ಹೋಗಬೇಡಿ.

ಹಂತ 5: ಮೂರು ಪಾಸ್ ಬರಿದೇ ಕೇಳಿ

ಇದು ಕಡ್ಡಾಯ ಎಂದೇ ಹೇಳುತ್ತೇನೆ. ಮೊದಲ ಪಾಸ್‌ನಲ್ಲಿ ಉಪಗ್ರಹವನ್ನು ಹಿಡಿಯುವುದೊಂದೇ ಗುರಿಯಾಗಿರಲಿ. ಎರಡನೆಯದರಲ್ಲಿ ಕಾಲ್ ಸೈನ್‌ಗಳನ್ನು (ಪ್ರತಿ ಹ್ಯಾಮ್‌ನ ಅಕ್ಷರ-ಅಂಕಿಗಳ ಗುರುತು) ಬರೆದುಕೊಳ್ಳಲು ಪ್ರಯತ್ನಿಸಿ. ಬರೆಯಲು ಮೂರನೆಯ ಕೈ ಇಲ್ಲ ಎಂಬುದು ಆಗ ಹೊಳೆಯುತ್ತದೆ, ಮುಂದಿನ ಬಾರಿ ಮೊಬೈಲ್‌ನಲ್ಲಿ ಧ್ವನಿ ಮುದ್ರಿಸಿಕೊಳ್ಳುತ್ತೀರಿ. ಮೂರನೆಯದರಲ್ಲಿ ಮಾತಿನ ಲಯವನ್ನು ಗಮನಿಸಿ.

ಒಂದು ಪಾಸ್ ಹೀಗೆ ಸಾಗುತ್ತದೆ. ಉದಯಕ್ಕೆ ಎರಡು ನಿಮಿಷ ಮೊದಲೇ ಆಂಟೆನಾವನ್ನು ದಿಗಂತದತ್ತ ಚಾಚಿ, ರೇಡಿಯೋವನ್ನು 436.805ಕ್ಕೆ ಇಟ್ಟು ನಿಂತಿದ್ದೀರಿ. ಮೊದಲ ನಿಮಿಷ ಬರಿ ಗದ್ದಲ. ನಂತರ ಮುರಿದ ಉಚ್ಚಾರಗಳು, ಒಂದು ಅಕ್ಷರ, ಒಂದು ಅಂಕಿ. ಮಣಿಕಟ್ಟು ತಿರುಗಿಸುತ್ತೀರಿ, ಒಂದು ಕಾಲ್ ಸೈನ್ ಇಡಿಯಾಗಿ ಸಿಗುತ್ತದೆ. ಸ್ವಲ್ಪ ಹೊತ್ತಿಗೆ ಧ್ವನಿ ಒಡೆದಂತೆ, ಕರಕರ ಎಂದಂತೆ ಆಗುತ್ತದೆ. ಇದು ಸಂಕೇತ ಕ್ಷೀಣಿಸಿದ ಸದ್ದಿಗಿಂತ ಬೇರೆ, ಆವರ್ತನ ಜಾರಿದ ಸೂಚನೆ. ಒಂದು ಚಾನೆಲ್ ಕೆಳಗಿಳಿಯಿರಿ, ಮತ್ತೆ ತಿಳಿಯಾಗುತ್ತದೆ. ಪಾಸ್‌ನ ನಡುವೆ, ಉಪಗ್ರಹ ಅತಿ ಹತ್ತಿರವಿರುವಾಗ, ಈ ಜಾರುವಿಕೆ ಅತಿ ವೇಗದ್ದು. ಕೊನೆಯ ಎರಡು ಮೂರು ನಿಮಿಷಗಳಲ್ಲಿ ಆವರ್ತನ ಬಹುತೇಕ ಸ್ಥಿರ. ಧ್ವನಿ ಮುಳುಗಿತೋ ಒಡೆಯಿತೋ ಎಂದು ಗುರುತಿಸುವ ಹೊತ್ತಿಗೆ ನೀವು ಅರ್ಧ ಕಲಿತಿರುತ್ತೀರಿ. ಮುಳುಗಿದರೆ ಆಂಟೆನಾ ತಿರುಗಿಸಬೇಕು, ಒಡೆದರೆ ಚಾನೆಲ್ ಇಳಿಸಬೇಕು.

ಹಂತ 6: ನಿಮ್ಮ ಧ್ವನಿಯನ್ನು ನೀವೇ ಕೇಳಿ

ಮಾತನಾಡುತ್ತಿರುವಾಗಲೇ ಡೌನ್‌ಲಿಂಕನ್ನೂ ಕೇಳುವ ವ್ಯವಸ್ಥೆಗೆ ಫುಲ್ ಡ್ಯೂಪ್ಲೆಕ್ಸ್ ಎನ್ನುತ್ತಾರೆ. ಸಾಮಾನ್ಯ ಕೈ ರೇಡಿಯೋಗಳಲ್ಲಿ ಬಹಳಷ್ಟಕ್ಕೆ ಇದು ಬಾರದು: ಪಿಟಿಟಿ ಒತ್ತಿದ ತಕ್ಷಣ ಕಿವಿ ಮುಚ್ಚುತ್ತದೆ. ಹೀಗಾಗಿ ನಿಮ್ಮ ಸಂಕೇತ ಮೇಲೆ ತಲುಪಿತೇ, ಬೇರೆಯವರ ಮಾತಿನ ಮೇಲೆ ಬಿತ್ತೇ ಎಂಬುದು ಗೊತ್ತಾಗುವುದೇ ಇಲ್ಲ. ಪರಿಹಾರ ಸುಲಭ. ಎರಡು ರೇಡಿಯೋ ಇಟ್ಟುಕೊಳ್ಳಿ, ಒಂದು ಕಳಿಸಲು, ಇನ್ನೊಂದು ಕೇಳಲು. ಹೆಡ್‌ಫೋನ್ ಹಾಕಿಕೊಳ್ಳಲೇಬೇಕು, ಇಲ್ಲದಿದ್ದರೆ ಸ್ಪೀಕರ್‌ನ ಸದ್ದು ಮೈಕ್‌ಗೆ ಹೊಕ್ಕು ಇಡೀ ಉಪಗ್ರಹವೇ ಊಳಿಡುತ್ತದೆ.

ಈ ವ್ಯವಸ್ಥೆಯಲ್ಲಿ ಕಾದಿರುವ ತೊಡಕು ಡಿಸೆನ್ಸ್: ನಿಮ್ಮ ಟ್ರಾನ್ಸ್‌ಮಿಟರ್ ನಿಮ್ಮದೇ ರಿಸೀವರನ್ನು ಕಿವುಡಾಗಿಸುವುದು. 145.990 ಮೆಗಾಹರ್ಟ್ಸ್‌ನ ಮೂರನೆಯ ಹಾರ್ಮೋನಿಕ್ (ಮೂರು ಪಟ್ಟು ಆವರ್ತನದಲ್ಲಿ ಹೊಮ್ಮುವ ಸಂಕೇತ) 437.970, ಅಂದರೆ ಬಾಹ್ಯಾಕಾಶ ನಿಲ್ದಾಣದ ಡೌನ್‌ಲಿಂಕಿನ ಮಗ್ಗುಲಲ್ಲೇ ಬಂದು ಕೂರುತ್ತದೆ. ಎಸ್‌ಒ-50ಕ್ಕೂ ಇದೇ ಕಥೆ, ಅಂತರ ತುಸು ಹೆಚ್ಚು ಅಷ್ಟೆ. ನಾನು ತಿಂಗಳುಗಟ್ಟಲೆ ನನ್ನ ಸಂಕೇತ ಉಪಗ್ರಹವನ್ನು ತಲುಪುತ್ತಿಲ್ಲ ಎಂದುಕೊಂಡಿದ್ದೆ. ಒಂದು ಮುದ್ರಿಕೆಯನ್ನು ಮತ್ತೆ ಕೇಳಿದಾಗ, ನಾನು ಕರೆದ ಮರುಕ್ಷಣವೇ ಒಬ್ಬರು ನನ್ನ ಕಾಲ್ ಸೈನನ್ನು ಹೇಳಿ ಉತ್ತರಿಸಿದ್ದು ಸಿಕ್ಕಿತು. ನನ್ನ ಧ್ವನಿ ಮೇಲೇರಿತ್ತು, ಅದನ್ನು ಕೇಳಿಸಿಕೊಳ್ಳಲು ನನ್ನ ರಿಸೀವರ್‌ಗೆ ಆಗುತ್ತಿರಲಿಲ್ಲ. ಪರೀಕ್ಷೆ ಹೀಗೆ ಮಾಡಿ: ಯಾವುದಾದರೂ ಕ್ಷೀಣ 70 ಸೆಂಟಿಮೀಟರ್ ಸಂಕೇತವನ್ನು ಕೇಳುತ್ತಿರುವಾಗ, ಖಾಲಿ ಇರುವ ಎರಡು ಮೀಟರ್ ಆವರ್ತನದಲ್ಲಿ ನಿಮ್ಮ ಕಾಲ್ ಸೈನ್ ಹೇಳಿ. ಆ ಸಂಕೇತ ಅಷ್ಟರಲ್ಲಿ ಅಡಗಿದರೆ ಡಿಸೆನ್ಸ್ ಇದೆ. ಎರಡೂ ಆಂಟೆನಾಗಳನ್ನು ದೂರ ಮಾಡಿ, ಶಕ್ತಿ ಇಳಿಸಿ, ಒಂದು ಡೈಪ್ಲೆಕ್ಸರ್ (ಎರಡು ಬ್ಯಾಂಡ್‌ಗಳನ್ನು ಬೇರ್ಪಡಿಸುವ ಸಾಧನ) ಅಥವಾ ಎತ್ತರದ ಆವರ್ತನಗಳನ್ನು ತಡೆಯುವ ಲೋ-ಪಾಸ್ ಫಿಲ್ಟರ್ ಸೇರಿಸಿ.

ಹಂತ 7: ಮೊದಲ ಕರೆ

ನಿಮ್ಮ ದೇಶದ ಲೈಸೆನ್ಸ್ ಈ ಆವರ್ತನಗಳಲ್ಲಿ ಪ್ರಸಾರಕ್ಕೆ ಅನುಮತಿ ಕೊಡುತ್ತದೆ ಎಂದು ಮೊದಲೇ ಖಚಿತಪಡಿಸಿಕೊಳ್ಳಿ. ಎಫ್‌ಎಂ ಉಪಗ್ರಹದಲ್ಲಿ ಉದ್ದನೆಯ 'ಸಿಕ್ಯೂ' (ಯಾರಾದರೂ ಉತ್ತರಿಸಿ ಎಂಬ) ಕರೆಗೆ ಸಮಯವಿಲ್ಲ. ಒಬ್ಬರ ಮಾತು ಮುಗಿದು ಸಂದು ಸಿಕ್ಕಾಗ ಕಾಲ್ ಸೈನನ್ನು ಆಲ್ಫಾ, ಬ್ರಾವೋ ಎಂಬ ಧ್ವನ್ಯಾಕ್ಷರಗಳಲ್ಲಿ ಒಮ್ಮೆ ಹೇಳಿ, ಜೊತೆಗೆ ನೀವಿರುವ ಪ್ರದೇಶವನ್ನು ಸೂಚಿಸುವ ಎರಡು ಅಕ್ಷರ ಎರಡು ಅಂಕಿಯ ಗ್ರಿಡ್ ಲೊಕೇಟರ್ ಹೇಳಿ, ಗುಂಡಿ ಬಿಡಿ. ಯಾರಾದರೂ ನಿಮ್ಮನ್ನು ಕರೆದರೆ ಅವರ ಕಾಲ್ ಸೈನ್, ನಿಮ್ಮ ಗ್ರಿಡ್, ಧನ್ಯವಾದ. ಎಂಟು ಹತ್ತು ಸೆಕೆಂಡಿನಲ್ಲಿ ಸಂಪರ್ಕ ಪೂರ್ಣ.

ಡೌನ್‌ಲಿಂಕ್ ಕೇಳಿಸದಿದ್ದರೆ ಪಿಟಿಟಿ ಒತ್ತಬೇಡಿ. ಈ ಒಂದು ವಿಷಯದಲ್ಲಿ ನಾನು ಕಟ್ಟುನಿಟ್ಟು. ಎಫ್‌ಎಂನಲ್ಲಿ ಬಲವಾದ ಸಂಕೇತ ದುರ್ಬಲವಾದದ್ದನ್ನು ಅಳಿಸಿಹಾಕುತ್ತದೆ. ಆಚೆ ಯಾರೋ ಬ್ಯಾಟರಿಯ ಕೊನೆಯ ಗುಟುಕಿನಲ್ಲಿ, ಅಪರೂಪದ ಗ್ರಿಡ್‌ನಿಂದ ಮಾತನಾಡುತ್ತಿರಬಹುದು. ಕೇಳದೆ ಒತ್ತಿದ ನಿಮ್ಮ ಗುಂಡಿ ಅವರ ಹತ್ತು ನಿಮಿಷವನ್ನು ಕಸಿದುಕೊಳ್ಳುತ್ತದೆ. ಹೆಚ್ಚು ವ್ಯಾಟ್ ಸುರಿಯುವುದೂ ಇಂಥದ್ದೇ ತಪ್ಪು. ಯಾಗಿ ಇದ್ದರೆ ಐದು ವ್ಯಾಟ್ ಧಾರಾಳ.

ಹಂತ 8: ಲೀನಿಯರ್ ಕಡೆಗೆ

ಎಫ್‌ಎಂನಲ್ಲಿ ಕೈ ಕುದುರಿದ ಮೇಲೆ ಆರ್‌ಎಸ್-44ಕ್ಕೆ ಬನ್ನಿ. 2019ರ ಡಿಸೆಂಬರ್‌ನಲ್ಲಿ ಹಾರಿದ ಇದು ಎತ್ತರದ ಕಕ್ಷೆಯಲ್ಲಿದೆ, ಒಳ್ಳೆಯ ಪಾಸ್ 20 ನಿಮಿಷ ಮೀರುವುದುಂಟು. ಇಲ್ಲಿ ಹಾಯಾಗಿ ಕುಶಲ ಮಾತನಾಡಬಹುದು. ಅಪ್‌ಲಿಂಕ್ 145.935ರಿಂದ 145.995, ಕೆಳ ಪಕ್ಕದ ಎಸ್‌ಎಸ್‌ಬಿಯಲ್ಲಿ. ಡೌನ್‌ಲಿಂಕ್ 435.610ರಿಂದ 435.670, ಮೇಲ್ಪಕ್ಕದಲ್ಲಿ. ಟ್ರಾನ್ಸ್‌ಪಾಂಡರ್ ಪಟ್ಟಿಯನ್ನು ತಿರುವಿ ಹಾಕುವುದರಿಂದ ನೀವು ಮೇಲೆ ಹೋದರೆ ಡೌನ್‌ಲಿಂಕ್ ಕೆಳಗಿಳಿಯುತ್ತದೆ. ಎರಡರ ಮೊತ್ತ ಯಾವಾಗಲೂ 581.605. ಉದಾಹರಣೆಗೆ 435.640ರಲ್ಲಿ ಕೇಳಿಸಬೇಕಾದರೆ 145.965ರಲ್ಲಿ ಕಳಿಸಬೇಕು. ಹೀಗೆ ತಿರುವುವುದರಿಂದ ಅಪ್‌ಲಿಂಕಿನ ಡಾಪ್ಲರ್ ಡೌನ್‌ಲಿಂಕಿನದರಿಂದ ಕಳೆಯುತ್ತದೆ, ಜಾರುವಿಕೆ ಅಷ್ಟರ ಮಟ್ಟಿಗೆ ಕಡಿಮೆ. ವಿನ್ಯಾಸಕಾರರ ಈ ಜಾಣ್ಮೆ ನನಗೆ ಇವತ್ತಿಗೂ ಮೆಚ್ಚುಗೆ.

ಹೊಸಬರಿಗೆ ಇಲ್ಲಿ ಎದುರಾಗುವುದು ತಮ್ಮನ್ನು ತಾವೇ ಹುಡುಕಿಕೊಳ್ಳುವ ಕಷ್ಟ. ಲೆಕ್ಕ ಹಾಕಿದ ಜಾಗದಲ್ಲಿ ನಿಮ್ಮ ಧ್ವನಿ ಇರುವುದಿಲ್ಲ, ಡಾಪ್ಲರ್‌ನಿಂದ ಕೆಲವು ಕಿಲೋಹರ್ಟ್ಸ್ ಆಚೀಚೆ ಇರುತ್ತದೆ. ಖಾಲಿ ಜಾಗ ನೋಡಿ ಅಪ್‌ಲಿಂಕನ್ನು ಅಲ್ಲೇ ಇಟ್ಟು, ಮೋರ್ಸ್‌ನಲ್ಲಿ ಕಾಲ್ ಸೈನನ್ನು ನಿಧಾನವಾಗಿ ಕಳಿಸುತ್ತಾ, ರಿಸೀವರ್ ಗುಂಡಿಯನ್ನು ಮಾತ್ರ ತಿರುಗಿಸಿ ಹುಡುಕಿ. ಕ್ಯಾರಿಯರ್ (ಮಾತಿಲ್ಲದ ಬರಿಯ ಅಲೆ) ಹೊತ್ತು ಇಡೀ ಪಟ್ಟಿಯ ಮೇಲೆ ಗುಡಿಸುತ್ತಾ ಹೋದರೆ ಎಲ್ಲರ ಮಾತಿನ ಮೇಲೂ ಶಿಳ್ಳೆ ಹಾಯುತ್ತದೆ. ಸಿಕ್ಕ ಮೇಲೆ ನಿಮ್ಮ ಧ್ವನಿಯನ್ನು 435.605ರ ಬೀಕನ್‌ಗೆ (ಉಪಗ್ರಹ ತಾನಾಗಿ ಕಳಿಸುವ ಗುರುತಿನ ಸಂಕೇತ) ಹೋಲಿಸಿ. ಅದಕ್ಕಿಂತ ಜೋರಾಗಿದ್ದರೆ ಶಕ್ತಿ ಇಳಿಸಿ. ಟ್ರಾನ್ಸ್‌ಪಾಂಡರ್‌ನ ಒಟ್ಟು ಶಕ್ತಿ ಸೀಮಿತ, ಒಬ್ಬರು ಹೆಚ್ಚು ಎಳೆದರೆ ಉಳಿದವರ ಪಾಲು ಬಡವಾಗುತ್ತದೆ. ಮುಂದೆ ರೇಡಿಯೋವನ್ನು ಕಂಪ್ಯೂಟರ್‌ಗೆ ಜೋಡಿಸಿ ಎರಡೂ ಆವರ್ತನಗಳನ್ನು ತಾನಾಗಿ ತಿದ್ದುವಂತೆ ಮಾಡಬಹುದು, ಆದರೆ ಕೆಲವು ಪಾಸ್‌ಗಳನ್ನಾದರೂ ಕೈಯಿಂದಲೇ ಮಾಡಿ.

ಭೂಸ್ಥಿರ ಕಕ್ಷೆಯ ಕ್ಯೂಒ-100ರಲ್ಲಿ ಬೆನ್ನಟ್ಟುವ ಕೆಲಸವಿಲ್ಲ, ಡಾಪ್ಲರ್ ಕಾಟವೂ ಇಲ್ಲ. ಆದರೆ 2.4 ಗಿಗಾಹರ್ಟ್ಸ್‌ನಲ್ಲಿ ಕಳಿಸಿ 10 ಗಿಗಾಹರ್ಟ್ಸ್‌ನಲ್ಲಿ ಕೇಳಬೇಕು. ಅದರ ಸಲಕರಣೆಯೇ ಬೇರೆ, ಅದು ಇನ್ನೊಂದು ಮಾರ್ಗದರ್ಶಿಗೆ ತಕ್ಕ ವಿಷಯ.

ಹಂತ 9: ಲಾಗ್

ಅದೇ ದಿನ ಮುದ್ರಿಕೆ ಕೇಳಿ ಬರೆದಿಡಿ. ದಿನಾಂಕ ಮತ್ತು ಸಮಯ ಯುಟಿಸಿಯಲ್ಲಿ, ಎರಡೂ ಆವರ್ತನಗಳು, ಅವರ ಗ್ರಿಡ್. ಸಂಪರ್ಕಗಳನ್ನು ದೃಢಪಡಿಸುವ ಆನ್‌ಲೈನ್ ದಾಖಲೆಯಾದ ಲಾಗ್‌ಬುಕ್ ಆಫ್ ದ ವರ್ಲ್ಡ್‌ಗೆ ಏರಿಸುವಾಗ ಪ್ರಸರಣ ವಿಧಾನದ ಜಾಗದಲ್ಲಿ 'ಸ್ಯಾಟ್' ಎಂದೂ, ಉಪಗ್ರಹದ ಹೆಸರನ್ನೂ ತುಂಬಲೇಬೇಕು. ಇವೆರಡು ಬಿಟ್ಟುಹೋದರೆ ಎದುರಿನವರ ದಾಖಲೆಗೆ ನಿಮ್ಮದು ತಾಳೆಯಾಗುವುದಿಲ್ಲ, ಕಷ್ಟಪಟ್ಟು ಗಳಿಸಿದ ಸಂಪರ್ಕ ದೃಢಪಡದೆ ಉಳಿಯುತ್ತದೆ.

ಅಭ್ಯಾಸ ಕುದುರಿದಾಗ ಒಮ್ಮೆ ಎಒ-7ಅನ್ನು ಹುಡುಕಿ. 1974ರ ನವೆಂಬರ್‌ನಲ್ಲಿ ಹಾರಿದ ಈ ಉಪಗ್ರಹ 1981ರಲ್ಲಿ ಬ್ಯಾಟರಿ ಕೆಟ್ಟು ಮೌನವಾಯಿತು. 2002ರ ಜೂನ್‌ನಲ್ಲಿ ಅದರ ಬೀಕನ್ ಮತ್ತೆ ಕೇಳಿಬಂತು. ಬ್ಯಾಟರಿ ಸತ್ತಿದ್ದರೂ ಸೌರಫಲಕಗಳಿಂದ ನೇರವಾಗಿ ಶಕ್ತಿ ಪಡೆದು, ಬಿಸಿಲು ಬಿದ್ದಾಗ ಏಳುತ್ತದೆ, ಭೂಮಿಯ ನೆರಳಿಗೆ ಸರಿದಾಗ ಆರುತ್ತದೆ. ಅಪ್‌ಲಿಂಕ್ 432.125ರಿಂದ 432.175, ಡೌನ್‌ಲಿಂಕ್ 145.925ರಿಂದ 145.975. ಶಕ್ತಿಯನ್ನು ಆದಷ್ಟೂ ಕಡಿಮೆ ಇಡಿ, ಜೋರಾದರೆ ಅದರ ಡೌನ್‌ಲಿಂಕ್ ಕಂಪಿಸುವುದು ನಿಮ್ಮ ಕಿವಿಗೇ ಕೇಳಿಸುತ್ತದೆ. ಹಾಗೆ ಕೇಳಿಸಿದರೆ ತಕ್ಷಣ ಗುಂಡಿ ಬಿಡಿ.